ಹೊಳೆಯ ದಂಡೆಯಲ್ಲಿ ನಿಂತ ಆಟ

ನವಲಗುಂದದ ಕಾಕಾನ ಮನೆಗೆ ಹೋದಾಗಲೆಲ್ಲ, ನಾನು ಚಪ್ಪಲಿ ಬಿಡುವ ಮೊದಲೇ ಅವನು ಒಂದು ಪ್ರಶ್ನೆ ಕೇಳುತ್ತಿದ್ದ.

"ಬಂತೇನವಾ?"

ಹೊಸಬರು ಕೇಳಿಸಿಕೊಂಡಿದ್ದರೆ ಮಳೆಯ ಮಾತೋ ಬಸ್ಸಿನ ಮಾತೋ ಎಂದುಕೊಳ್ಳುತ್ತಿದ್ದರು. ಅವನು ಕೇಳುತ್ತಿದ್ದುದು ಒಂದು ಹಳೆಯ ಕಂಪ್ಯೂಟರ್ ಆಟದ ಬಗ್ಗೆ. ಆ ಆಟವನ್ನು ಹೊಸ ಚಿತ್ರ, ಹೊಸ ದನಿ, ಹೊಸ ಅಕ್ಷರಗಳೊಂದಿಗೆ ಮತ್ತೆ ಬಿಡುತ್ತಾರೆ ಎಂಬ ಸುದ್ದಿ ವರ್ಷಗಳಿಂದ ಇತ್ತು. ಕಾಕಾನಿಗೆ ಅರವತ್ತು ದಾಟಿದೆ. ಎರೆಹೊಲವನ್ನು ಲಾವಣಿಗೆ, ಎಂದರೆ ಗುತ್ತಿಗೆಗೆ, ಹಾಕಿದ್ದಾನೆ, ಹಣೆಗೆ ದಿನವೂ ವಿಭೂತಿ ಹಚ್ಚುತ್ತಾನೆ, ಸಕ್ಕರೆ ಕಾಯಿಲೆ ಇದ್ದೂ ಕದ್ದು ಪೇಡೆ ತಿನ್ನುತ್ತಾನೆ. ಇಂಥವನು ಯಾವುದೋ ದೇಶದ ಕಂಪನಿಯೊಂದು ಒಂದು ಆಟವನ್ನು ಯಾವಾಗ ಬಿಡುತ್ತದೆ ಎಂದು ಕಾಯುತ್ತಿದ್ದ. ನಾನು ಪ್ರತಿಸಲವೂ ಇಲ್ಲ ಎನ್ನುತ್ತಿದ್ದೆ. ಮುಂದಿನ ವರ್ಷ ಬರುತ್ತದಂತೆ ಎಂದು ಸೇರಿಸುತ್ತಿದ್ದೆ. ಅವನು ಆ ಕಂಪನಿಯವರ ಮುಂದಿನ ವರ್ಷ ಯಾವ ಪಂಚಾಂಗದಲ್ಲಿದೆ ಎಂದು ಕೇಳುತ್ತಿದ್ದ.

ನಾನು ಅಣ್ಣಿಗೇರಿಯ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತೇನೆ. ಬಾಯಿಮಾತಿನ ಸಾಕ್ಷಿಯನ್ನು ಹಾಗೇ ನಂಬಬೇಡಿ ಎಂದು ಹುಡುಗರಿಗೆ ಹೇಳುವುದು ನನ್ನ ಕೆಲಸ. ದಿನಚರಿ ಬರೆಯುವ ರೂಢಿ ಇದೆ, ಆದರೆ ಅದು ಶುರುವಾದದ್ದು ಧಾರವಾಡದಲ್ಲಿ ಎಂ.ಎ. ಓದುವಾಗ. ಈ ಆಟ ಅದಕ್ಕೂ ಹಿಂದಿನದು. ಆದ್ದರಿಂದ ಮೊದಲ ಭಾಗಕ್ಕೆ ನನ್ನ ನೆನಪು, ಕಾಕಾನ ನೆನಪು ಬಿಟ್ಟರೆ ಬೇರೆ ಆಧಾರವಿಲ್ಲ. ಎರಡೂ ಒಂದಕ್ಕೊಂದು ಹೊಂದುವುದಿಲ್ಲ ಎಂಬುದು ಮುಂದೆ ಗೊತ್ತಾಗುತ್ತದೆ.

ನಾನು ಹೈಸ್ಕೂಲಿನಲ್ಲಿದ್ದಾಗ ಕಾಕಾ ನವಲಗುಂದದ ಬಸ್ ನಿಲ್ದಾಣದ ಹತ್ತಿರ ಟೈಪಿಂಗ್ ಕ್ಲಾಸು ನಡೆಸುತ್ತಿದ್ದ. ಸರಕಾರಿ ನೌಕರಿಯ ಆಸೆಯಿದ್ದ ಹುಡುಗ ಹುಡುಗಿಯರು ಸುತ್ತಲಿನ ಹಳ್ಳಿಗಳಿಂದ ಬಂದು ಟಕಟಕ ಬಡಿಯುತ್ತಿದ್ದರು. ಆಮೇಲೆ ಅವನು ಎರಡು ಕಂಪ್ಯೂಟರ್ ತಂದ. ಮುಂದಿನ ಕೋಣೆಯಲ್ಲಿ ಟೈಪ್‌ರೈಟರು, ಒಳಗಿನ ಕೋಣೆಯಲ್ಲಿ ಜಮಖಾನೆ ಹಾಸಿ ಕಂಪ್ಯೂಟರು. ಒಳಗೆ ಬರುವವರು ಕಾಲು ಒರೆಸಿಕೊಂಡೇ ಬರಬೇಕು. ಮಧ್ಯಾಹ್ನದ ಹೊತ್ತು, ಒಂದು ತಂಡ ಹೋಗಿ ಇನ್ನೊಂದು ತಂಡ ಬರುವವರೆಗೆ, ಒಳಗಿನ ಕೋಣೆ ಖಾಲಿ ಇರುತ್ತಿತ್ತು. ಆಗ ಕಾಕಾ ಆ ಆಟ ಹಾಕುತ್ತಿದ್ದ.

ಹುಬ್ಬಳ್ಳಿಯ ಗೆಳೆಯನೊಬ್ಬ ಕಾಪಿ ಮಾಡಿಕೊಟ್ಟ ಸಿ.ಡಿ. ಅದು. ಗುಂಡು ಹಾರಿಸುವ ಆಟವಲ್ಲ. ಆಡುವವನು ಒಬ್ಬ ಅಲೆಮಾರಿಯಾಗುತ್ತಾನೆ. ಊರೂರು ತಿರುಗಿ, ಎದುರಾದವರ ಕೂಡ ಮಾತಾಡಿ, ಐದು ಜನ ಜೊತೆಗಾರರನ್ನು ಕಟ್ಟಿಕೊಳ್ಳುತ್ತಾನೆ. ಯಾರು ಏನು ಹೇಳಿದರೂ ತೆರೆಯ ಕೆಳಗೆ ನಾಲ್ಕಾರು ಉತ್ತರಗಳು ಬರುತ್ತವೆ. ಅದರಲ್ಲಿ ಒಂದನ್ನು ಆರಿಸಬೇಕು. ಆರಿಸಿದ ಮಾತಿಗೆ ತಕ್ಕಂತೆ ಜೊತೆಗಾರರು ನಿಮ್ಮನ್ನು ಮೆಚ್ಚುತ್ತಾರೆ, ಮುನಿಸಿಕೊಳ್ಳುತ್ತಾರೆ, ಕೆಲವೊಮ್ಮೆ ಬಿಟ್ಟೇ ಹೋಗುತ್ತಾರೆ. ಅಂದರೆ ಆಟದ ತುಂಬ ಓದುವುದೇ ಓದುವುದು, ಅದೂ ಬಿಗಿಯಾದ ಹಳೆಯ ಇಂಗ್ಲಿಷ್. ಕಾಕಾನ ಇಂಗ್ಲಿಷ್ ಅರ್ಜಿ ಟೈಪು ಮಾಡುವ ಇಂಗ್ಲಿಷ್. ಅದಕ್ಕೇ ನಾನು ಬಾಜುವಿಗೆ ಶಬ್ದಕೋಶ ಹಿಡಿದು ಕೂರುತ್ತಿದ್ದೆ. ಅವನು ಶಬ್ದ ಹೇಳಿದರೆ ನಾನು ಹುಡುಕಿ ಅರ್ಥ ಹೇಳಬೇಕು. ಅವನು ಎಲ್ಲ ಸೇರಿಸಿ ನಮ್ಮ ಮಾತಿನಲ್ಲಿ ಜೋರಾಗಿ ಹೇಳಿ, ಆಮೇಲೆ ಉತ್ತರ ಆರಿಸುತ್ತಿದ್ದ. ಮೌಸು ನನ್ನ ಕೈಗೆ ಬರುತ್ತಿರಲಿಲ್ಲ.

ಆ ಆಟದ ರಾಜರು, ಕಳ್ಳರು, ಸನ್ಯಾಸಿಗಳು ಎಲ್ಲರೂ ನನಗೆ ನವಲಗುಂದದ ಕನ್ನಡದಲ್ಲೇ ಪರಿಚಯ. ಕರೆಂಟು ಹೋಗುವ ಭಯಕ್ಕೆ ಎರಡು ಮಾತು ಮುಗಿದೊಡನೆ ಆಟ ಸೇವ್ ಮಾಡುತ್ತಿದ್ದೆವು. ಹಾಗೆ ಮಾಡುತ್ತ ಮಾಡುತ್ತ ಒಂದು ಹೊಳೆಗೆ ಬಂದೆವು.

ಆ ಹೊಳೆಯಲ್ಲಿ ಒಬ್ಬ ಮುದಿ ಅಂಬಿಗ. ಅವನ ದೋಣಿಯಲ್ಲಿ ಐದೇ ಜನರಿಗೆ ಜಾಗ, ನಾವು ಆರು. ಹೊಳೆ ಏರುತ್ತಿದೆ, ಇನ್ನೊಂದು ಸಲ ಬರುವುದಿಲ್ಲ, ಯಾರನ್ನು ಈ ದಂಡೆಯಲ್ಲಿ ಬಿಡುತ್ತೀರಿ ಹೇಳಿ ಎನ್ನುತ್ತಾನೆ. ಮಳೆಗಾಲದಲ್ಲಿ ಬೆಣ್ಣಿಹಳ್ಳ ತುಂಬಿದಾಗ ಸೇತುವೆಯ ಬಾಯಿಗೆ ನಿಂತು ಬಸ್ಸು ತಡೆಯುವ ಮನುಷ್ಯ ಹೇಗೆ ಮಾತಾಡುತ್ತಾನೋ ಕಾಕಾ ಅಂಬಿಗನನ್ನು ಹಾಗೇ ಮಾತಾಡಿಸಿದ್ದ. "ನೀರಿಗಿ ನಿಮ್ಮ ಗಡಿಬಿಡಿ ಗೊತ್ತಿಲ್ರೀ. ಐದ್ ಮಂದಿ ಹತ್ರಿ, ಒಬ್ರು ಇಳೀರಿ." ಈ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ. ಅಥವಾ ಇದೆ ಎಂದು ನಾನು ಅಂದುಕೊಂಡಿದ್ದೇನೆ.

ಅಲ್ಲಿಗೆ ಬಂದದ್ದು ದಸರೆಯ ಮುಂಚೆ. ಯಾರನ್ನು ಬಿಡುವುದು ಎಂದು ಕಾಕಾ ಉತ್ತರ ಒತ್ತದೆ ಸೇವ್ ಮಾಡಿ ಎದ್ದ. ಮರುದಿನ ಖಂಡೆ ಪೂಜೆ. ನಮ್ಮಲ್ಲಿ ಆ ದಿನ ಕುಡಗೋಲಿನಿಂದ ಹಿಡಿದು ಟ್ರ್ಯಾಕ್ಟರಿನವರೆಗೆ ದುಡಿಯುವ ವಸ್ತುಗಳನ್ನೆಲ್ಲ ತೊಳೆದು ಪೂಜೆ ಮಾಡುತ್ತಾರೆ, ಅವತ್ತು ಅವನ್ನು ಮುಟ್ಟಿ ಕೆಲಸ ಮಾಡುವುದಿಲ್ಲ. ಕಾಕಾ ಟೈಪ್‌ರೈಟರುಗಳಿಗೆ, ಕಂಪ್ಯೂಟರುಗಳಿಗೆ ನೀರು ಬೆರೆಸಿದ ವಿಭೂತಿಯ ಮೂರು ಬೆರಳು ಎಳೆದ, ಕುಂಕುಮ ಇಟ್ಟ, ಚೆಂಡುಹೂ ಏರಿಸಿದ. ಆಮೇಲೆ ಸಿ.ಡಿ.ಗಳ ಸರದಿ. ಅವುಗಳ ಮೇಲ್ಬದಿಯಲ್ಲಿ ಅವನೇ ಪೆನ್ನಿನಲ್ಲಿ ಹೆಸರು ಬರೆದಿಟ್ಟಿದ್ದ. ಒದ್ದೆ ಬೆರಳು ತಾಗಿದರೆ ಹೆಸರು ಅಳಿಸುತ್ತದೆ ಎಂದು ತಿರುವಿ ಹಾಕಿ, ಕನ್ನಡಿಯಂತೆ ಹೊಳೆಯುವ ಬದಿಗೇ ವಿಭೂತಿ ಹಚ್ಚಿದ. ಮರುದಿನ ಅದು ಒಣಗಿ ಹಪ್ಪಳದಂತಾಗಿತ್ತು. ಧೋತರದ ತುದಿಯಿಂದ ತಿಕ್ಕಿ ತಿಕ್ಕಿ ಒರೆಸಿದ.

ಆಟ ಶುರುವಾಯಿತು. ಹೊಳೆ ಬಂತು, ಅಂಬಿಗ ಕೇಳಿದ, ಕಾಕಾ ಒಂದು ಉತ್ತರ ಒತ್ತಿದ. ತೆರೆ ಹಾಗೇ ನಿಂತಿತು. ದೋಣಿ ಅಲುಗಲಿಲ್ಲ, ನೀರೂ ಅಲುಗಲಿಲ್ಲ. ಮಶೀನು ಬಂದ್ ಮಾಡಿ ಮತ್ತೆ ಹಾಕಿದರೂ, ಬೇರೆ ಉತ್ತರ ಒತ್ತಿದರೂ ಅಷ್ಟೇ. ಅವತ್ತಲ್ಲ, ಆಮೇಲಿನ ದಿನಗಳಲ್ಲೂ ಅಲ್ಲ, ನಾವು ಎಂದೂ ಆ ಹೊಳೆ ದಾಟಲಿಲ್ಲ.

ಈ ವಿಷಯದಲ್ಲಿ ಚಿಗವ್ವ, ಎಂದರೆ ಕಾಕಾನ ಹೆಂಡತಿ, ಅವನನ್ನು ಸುಮ್ಮನೆ ಬಿಟ್ಟವಳಲ್ಲ. ಬೀಗರು ಬಂದಾಗಲೂ ಇದೇ ಕತೆ ಹೇಳಿ ನಗಿಸುತ್ತಾಳೆ. ವಿಭೂತಿ ಹಚ್ಚಿದರೆ ಎಲ್ಲರಿಗೂ ದಾರಿ ತೆರೆಯುತ್ತದೆ, ಇವರಿಗೆ ಮಾತ್ರ ಹೊಳೆ ಬಂದ್ ಆಯಿತು ಎನ್ನುತ್ತಾಳೆ. ಕಾಕಾ ಅದನ್ನು ಒಪ್ಪಿಕೊಂಡು ತಾನೂ ನಗುತ್ತಿದ್ದ. ಹುಬ್ಬಳ್ಳಿಯ ಗೆಳೆಯನ ಹತ್ತಿರ ಇನ್ನೊಂದು ಕಾಪಿ ಇರಲಿಲ್ಲ. ಆಮೇಲೆ ಮಶೀನುಗಳು ಹಳತಾದವು, ಟೈಪಿಂಗ್ ಕಲಿಯುವವರು ಕಡಿಮೆಯಾದರು, ಕ್ಲಾಸು ಮುಚ್ಚಿತು. ಜಮಖಾನೆ ಮನೆಗೆ ಬಂತು.

ಧಾರವಾಡದಲ್ಲಿ ಓದುವಾಗ ಅಂತರ್ಜಾಲದಲ್ಲಿ ಆ ಆಟದ ಅಭಿಮಾನಿಗಳ ಒಂದು ತಾಣ ನನ್ನ ಕಣ್ಣಿಗೆ ಬಿತ್ತು. ಇದು ದಿನಚರಿಯಲ್ಲಿದೆ. ಜಗತ್ತಿನ ಯಾವ ಯಾವುದೋ ಮೂಲೆಯವರು ಆ ಆಟದ ಬಗ್ಗೆ ಪುಟಗಟ್ಟಲೆ ಬರೆಯುತ್ತಿದ್ದರು. ನಾನು ನವಲಗುಂದಕ್ಕೆ ಓಡಿ ಬಂದು ಹೇಳಿದೆ. ಕಾಕಾನಿಗೆ ಆಶ್ಚರ್ಯವೇನೂ ಆಗಲಿಲ್ಲ. ಅವರೆಲ್ಲರೂ ಹೊಳೆಯ ಹತ್ತಿರವೇ ನಿಂತಿದ್ದಾರೇನು ಎಂದು ಕೇಳಿದ. ಇಲ್ಲ, ಎಲ್ಲರೂ ದಾಟಿದ್ದಾರೆ ಎಂದೆ. ಆಚೆ ಏನಿದೆ ಎಂದು ಓದಿ ಬಂದು ಹೇಳಲೇ ಎಂದು ಕೇಳಲು ಬಾಯಿ ತೆರೆದಿದ್ದೆ. ಅವನು ಎರಡೂ ಕಿವಿಗೆ ಕೈ ಇಟ್ಟುಕೊಂಡ.

"ಹೇಳಬ್ಯಾಡ. ನೀನೂ ಓದಬ್ಯಾಡ. ನಿನಗ ಗೊತ್ತಾತಂದ್ರ ನಿನ್ನ ಮಾರಿ ಮ್ಯಾಲೆ ಬರ್ತೈತಿ."

ಅಂದಿನಿಂದ ನಾನು ಆ ತಾಣದಲ್ಲಿ ಅರ್ಧ ಕಣ್ಣು ಮುಚ್ಚಿ ಓದುವುದನ್ನು ಕಲಿತೆ. ಹೊಳೆಯಾಚೆಯ ಮಾತು ಬಂದೊಡನೆ ಪುಟ ಸರಿಸುತ್ತಿದ್ದೆ. ಇತಿಹಾಸದ ವಿದ್ಯಾರ್ಥಿನಿಗೆ ಇದಕ್ಕಿಂತ ಹಿಂಸೆ ಇನ್ನೊಂದಿಲ್ಲ. ದಾಖಲೆ ಎದುರಿಗಿದೆ, ತೆರೆಯುವ ಹಾಗಿಲ್ಲ.

ಕೆಲವು ವರ್ಷಗಳ ನಂತರ ಆ ಹಳೆಯ ಆಟವೇ ಅಂತರ್ಜಾಲದಲ್ಲಿ ಮಾರಾಟಕ್ಕೆ ಬಂತು. ನಾನು ಕೊಂಡು, ಲ್ಯಾಪ್‌ಟಾಪಿನಲ್ಲಿ ಹಾಕಿಕೊಂಡು ಹೋದೆ. ಅಷ್ಟರಲ್ಲಿ ಸಕ್ಕರೆ ಕಾಯಿಲೆ ಕಾಕಾನ ಕಣ್ಣಿಗೆ ಇಳಿದಿತ್ತು. ಹುಬ್ಬಳ್ಳಿಯ ಡಾಕ್ಟರು ಕಣ್ಣಿನ ಹಿಂದಿನ ಪರದೆಗೆ ಲೇಸರ್ ಮಾಡಿದ್ದರು. ಉಳಿದ ದೃಷ್ಟಿ ಉಳಿಯಬಹುದು, ಉಳಿಯದೆಯೂ ಇರಬಹುದು ಎಂದಿದ್ದರು. ದಪ್ಪ ಅಕ್ಷರ, ಬಿಳಿ ಕರಿ ಸ್ಪಷ್ಟವಿದ್ದರೆ ಓದುತ್ತಾನೆ. ಪೇಪರಿನ ತಲೆಬರಹ ಓದುತ್ತಾನೆ, ಒಳಗಿನ ಸುದ್ದಿ ಆಗುವುದಿಲ್ಲ. ಆ ಆಟದಲ್ಲೋ ಕಂದು ಹಾಳೆಯಂಥ ಚಿತ್ರದ ಮೇಲೆ ಕಂದು ಬಣ್ಣದ ಸಣ್ಣ ಅಕ್ಷರ, ಬಾಲ ಕೊಂಬು ಇರುವ ಹಳೇ ನಮೂನೆಯದು. ಟಿ.ವಿ.ಗೆ ಜೋಡಿಸಿದೆ. ಅಕ್ಷರ ದೊಡ್ಡದಾಯಿತು, ಕಂದು ಕಂದಾಗಿಯೇ ಉಳಿಯಿತು. ಭೂತಗನ್ನಡಿ ಹಿಡಿದು ನೋಡಿದ. ಮೊದಲ ಊರೂ ದಾಟದೆ ಕೈಬಿಟ್ಟ. ನಾನು ಓದಿ ಹೇಳುತ್ತೇನೆ ಎಂದೆ.

"ಬ್ಯಾಡ. ನೀ ಓದಿದ್ರ ಅದು ಕತಿ ಆಕ್ಕೈತಿ," ಎಂದ. "ನನಗ ಆಟ ಬೇಕು."

ಅವತ್ತು ಬಸ್ಸಿನಲ್ಲಿ ಅಣ್ಣಿಗೇರಿಗೆ ಬರುವಾಗ ನನಗೆ ಸಿಟ್ಟು ಬಂದಿತ್ತು. ಹಟಮಾರಿ ಎಂದುಕೊಂಡೆ. ಈಗಲೂ ಪೂರ್ತಿ ಹಾಗಲ್ಲ ಎಂದು ಹೇಳಲಾರೆ.

ಹೊಸ ಆವೃತ್ತಿಯ ಆಸೆ ಹುಟ್ಟಿದ್ದು ಆಮೇಲೆ. ಆ ಆಟದ ಹಕ್ಕು ಕೊಂಡ ಕಂಪನಿಯೊಂದು ಹೊಳೆಯ ಮೇಲೆ ಮಂಜು ಕವಿದ ಒಂದು ಚಿತ್ರ ಬಿಟ್ಟಿತು. ಚಿತ್ರದ ಕೆಳಗೆ ಒಂದು ಮಾತೂ ಇರಲಿಲ್ಲ. ಅಭಿಮಾನಿಗಳ ತಾಣದಲ್ಲಿ ಹಬ್ಬವೋ ಹಬ್ಬ. ಆ ಮಂಜಿನಲ್ಲಿ ಕಾಣುವ ಚುಕ್ಕೆ ದೋಣಿಯೋ ಬಂಡೆಯೋ ಎಂದು ವಾರಗಟ್ಟಲೆ ವಾದ. ಯಾರಿಗೆ ಏನು ಬೇಕು ಎಂಬ ಚರ್ಚೆ ಶುರುವಾಯಿತು. ಒಬ್ಬನಿಗೆ ಕುದುರೆಯ ಬಾಲದ ಕೂದಲು ಗಾಳಿಗೆ ಹಾರಾಡಬೇಕು. ಇನ್ನೊಬ್ಬನಿಗೆ ಎಲ್ಲ ಪಾತ್ರಗಳಿಗೂ ದನಿ ಬೇಕು. ಮತ್ತೊಬ್ಬನಿಗೆ ಒಂದು ಗೆರೆಯೂ ಬದಲಾಗಬಾರದು, ಬದಲಾದರೆ ಅದು ದ್ರೋಹ. ನಾನೂ ಬರೆದೆ. ಅಕ್ಷರ ದಪ್ಪ ಮಾಡುವ ಅನುಕೂಲ ಕೊಡಿ, ಕರಿಯ ಹಿನ್ನೆಲೆಯಲ್ಲಿ ಬಿಳಿ ಅಕ್ಷರ ಕೊಡಿ, ಕಣ್ಣು ಮಂದವಾದವರೂ ಆಡುತ್ತಾರೆ ಎಂದು. ಇಬ್ಬರು ಹೌದೆಂದರು. ಒಬ್ಬ, ಆ ಕಂದು ಹಾಳೆಯೇ ಈ ಆಟದ ಆತ್ಮ, ಅದನ್ನು ಮುಟ್ಟಬಾರದು ಎಂದ. ಆಮೇಲೆ ಚರ್ಚೆ ಕುದುರೆಯ ಬಾಲಕ್ಕೆ ಮರಳಿತು.

ಮುಂದಿನ ವರ್ಷ ಎಂದರು. ಆ ವರ್ಷ ಬಂದಾಗ, ಒಳ್ಳೆಯದು ಮಾಡಲು ಸಮಯ ಬೇಕು ಎಂದರು. ಆಮೇಲೆ ಸುಮ್ಮನಾದರು. ಕೆಲಸ ಮಾಡುತ್ತಿದ್ದ ತಂಡವೇ ಬದಲಾಯಿತು ಎಂಬ ಸುದ್ದಿ ಬಂತು. ಮೂಲ ಆಟದ ಕಡತಗಳೇ ಕಳೆದುಹೋಗಿವೆ ಎಂದು ಒಬ್ಬ ಬರೆದ, ಸಿಕ್ಕಿವೆ ಎಂದು ಇನ್ನೊಬ್ಬ. ಸಿದ್ಧವಾದಾಗ ಬರುತ್ತದೆ ಎಂದು ಕಂಪನಿ ಹೇಳಿತು. ಈ ಒಂದು ವಾಕ್ಯ ನನ್ನನ್ನು ಕೆರಳಿಸಿದಷ್ಟು ಬೇರೆ ಯಾವುದೂ ಕೆರಳಿಸಲಿಲ್ಲ. ಅವರ ಆಟ ಸಿದ್ಧವಾಗುವವರೆಗೆ ಯಾರ ಕಣ್ಣು ಸಿದ್ಧವಾಗಿ ನಿಂತಿರಬೇಕು? ಹುಬ್ಬಳ್ಳಿಗೆ ತಪಾಸಣೆಗೆ ಹೋಗಿ ಬಂದಾಗಲೆಲ್ಲ ಕಾಕಾ ಪೇಪರಿನ ತಲೆಬರಹವನ್ನು ಇನ್ನಷ್ಟು ಹತ್ತಿರ ಹಿಡಿಯುತ್ತಿದ್ದ. ನಾನು ಹೋದಾಗ ಮಾತ್ರ ಅದೇ ಪ್ರಶ್ನೆ. ಬಂತೇನವಾ?

ನನ್ನನ್ನೇ ನಾನು ಕೇಳಿಕೊಂಡದ್ದೂ ದಿನಚರಿಯಲ್ಲಿದೆ. ನನಗೆ ಬೇಕಾದದ್ದು ಕಾಕಾನ ಆಟವೋ, ಆ ಒಳಗಿನ ಕೋಣೆಯ ಮಧ್ಯಾಹ್ನಗಳೋ? ಅವನ್ನು ಯಾವ ಕಂಪನಿಯೂ ಮತ್ತೆ ಬಿಡಲಾರದು. ಇದನ್ನು ಬರೆದು ಪಕ್ಕದಲ್ಲಿ ಗೀಟು ಎಳೆದಿದ್ದೇನೆ. ಬರೆದದ್ದು ಚಂದ ಕಂಡಾಗ ನನಗೆ ಅನುಮಾನ ಬರುತ್ತದೆ.

ಕೊನೆಗೂ ಆಟ ಬಂತು. ಹೇಗೋ ಏನೋ, ಕಂಪನಿಯೇ ಒಂದು ದಿನ ಸದ್ದಿಲ್ಲದೆ ಬಿಟ್ಟಿತು. ಕಾಕಾನಿಗೆ ಫೋನು ಮಾಡಿದೆ. ಮೊದಲಿನಿಂದ ಆಡಲು ನನ್ನ ಕಣ್ಣು ಸಾಲುವುದಿಲ್ಲ, ಹೊಳೆಯ ತನಕ ನೀನು ಆಡಿಕೊಂಡು ಬಾ, ಅಲ್ಲಿಂದ ನಾನು ನೋಡುತ್ತೇನೆ ಎಂದ. ಆದರೆ ನಮ್ಮ ಹಳೆಯ ಐದು ಜನರನ್ನೇ ತರಬೇಕು ಎಂದು ಕಟ್ಟಪ್ಪಣೆ.

ಅಲ್ಲಿ ಮೊದಲ ಜಗಳ. ನನ್ನ ನೆನಪಿನ ಐವರಲ್ಲಿ ಜೇನು ಸಾಕುವ ಒಬ್ಬ ಹೆಂಗಸಿದ್ದಳು. ಅವಳು ಹೊಗೆ ಹಾಕಿ ಜೇನು ಬಿಡಿಸುವುದನ್ನು ವಿವರಿಸಿದ್ದು ನನಗೆ ಮಾತು ಮಾತಿಗೂ ನೆನಪಿದೆ. ಕಾಕಾ ಅಂಥವಳೇ ಇರಲಿಲ್ಲ, ಇದ್ದವನು ಕುಂಟ ಕುದುರೆ ವ್ಯಾಪಾರಿ ಎಂದ. ಆಡಿ ನೋಡಿದರೆ ಆ ಹೆಂಗಸು ಇದ್ದಳು, ಒಂದು ಊರಿನ ಅಂಚಿನಲ್ಲಿ. ಆದರೆ ಅವಳು ಹೇಳುವುದು ಎರಡೇ ವಾಕ್ಯ, ಯಾರ ಜೊತೆಯೂ ಹೊರಡುವುದಿಲ್ಲ. ಜೇನಿನ ಹೊಗೆಯ ಮಾತು ಎಲ್ಲೂ ಇರಲಿಲ್ಲ. ಕಾಕಾ ಸೇರಿಸಿ ಹೇಳಿದ್ದನೋ, ನಾನೇ ಆಮೇಲೆ ಕಟ್ಟಿಕೊಂಡೆನೋ? ಕುದುರೆ ವ್ಯಾಪಾರಿಯನ್ನು ಸೇರಿಸಿಕೊಂಡೆ. ಅವನು ನಿಜವಾಗಿಯೂ ಕುಂಟ.

ಒಂದು ರವಿವಾರ ಲ್ಯಾಪ್‌ಟಾಪು ತೆಗೆದುಕೊಂಡು ಹೋಗಿ ಟಿ.ವಿ.ಗೆ ಜೋಡಿಸಿದೆ. ಕಾಕಾ ಹಳೆಯ ಜಮಖಾನೆಯನ್ನೇ ಹಾಸಿಸಿ, ತೆರೆಯಿಂದ ಒಂದು ಮೊಳ ದೂರದಲ್ಲಿ ಕೂತ. ಹೊಳೆ ಬಂತು. ಏನು ಹೊಳೆ! ನೀರಿನ ಮೇಲೆ ಬೆಳಕು ಒಡೆದು ಹರಿಯುತ್ತಿತ್ತು, ಕುದುರೆಯ ಬಾಲದ ಕೂದಲು ನಿಜವಾಗಿಯೂ ಹಾರಾಡುತ್ತಿತ್ತು. ಮುದಿ ಅಂಬಿಗನಿಗೆ ಈಗ ಅಗಲ ಎದೆ, ಸಿನೆಮಾದವರ ಗಡ್ಡ. ಅಕ್ಷರ ಮಾತ್ರ ಕಂದು ಹಾಳೆಯ ಮೇಲೆ ಕಂದು. ಆಟದ ಒಳಗೆ ಅಕ್ಷರದ ಗಾತ್ರ ಬದಲಿಸುವ ಜಾಗ ಇತ್ತು. ಸಣ್ಣ, ಮಧ್ಯಮ, ದೊಡ್ಡ. ಆ 'ದೊಡ್ಡ'ದೇ ಹಳೆಯ ಆಟದ ಅಕ್ಷರದಷ್ಟಿತ್ತು.

ದನಿ ಇದ್ದುದರಿಂದ ಅಂಬಿಗನ ಮಾತು ಕೇಳಿಸಿತು, ಆದರೆ ಕಾಕಾನಿಗೆ ಆ ಉಚ್ಚಾರ ಹತ್ತಲಿಲ್ಲ. ಉತ್ತರಗಳಿಗೆ ದನಿಯೇ ಇರಲಿಲ್ಲ. ಅವನು ಮೂಗು ತಾಗುವಷ್ಟು ಹತ್ತಿರ ಹೋದ, ಬಾಜು ಸರಿದ, ಕಣ್ಣು ಕಿರಿದು ಮಾಡಿದ. ನಾನು ಓದಿ ಹೇಳುವ ಹಾಗಿಲ್ಲವಲ್ಲ.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಚಿಗವ್ವ, "ಇಷ್ಟ್ ವರ್ಷ ಕಾದು ನೀರ್ ನೋಡಾಕ ಕುಂತೀರೇನ್ರಿ? ಬೆಣ್ಣಿಹಳ್ಳ ಏನ್ ತಪ್ಪ್ ಮಾಡಿತ್ತು?" ಎಂದಳು.

ಕಾಕಾ ನಗಲಿಲ್ಲ. ಇನ್ನೊಂದು ಸಲ ಬಿಡುತ್ತಾರೇನು, ಅಕ್ಷರ ಸುಧಾರಿಸಿ, ಎಂದು ನನ್ನನ್ನು ಕೇಳಿದ.

ಕಂಪನಿಗೆ ಬರೆದೆ. ನಿಮ್ಮ ಅನಿಸಿಕೆಗೆ ಧನ್ಯವಾದ ಎಂದು ಯಂತ್ರ ಉತ್ತರಿಸಿತು. ಅಭಿಮಾನಿಗಳ ತಾಣದಲ್ಲಿ, ಈ ಸಲ ಮುಲಾಜಿಲ್ಲದೆ ಬರೆದೆ. ಕುದುರೆಯ ಬಾಲಕ್ಕೆ ಇಷ್ಟು ವರ್ಷ ಕೊಟ್ಟವರು ಅಕ್ಷರಕ್ಕೆ ಒಂದು ಮಧ್ಯಾಹ್ನ ಕೊಡಲಿಲ್ಲವೇ ಎಂದು. ಬೈಗುಳ ಬಂದವು. ಜೊತೆಗೆ, ಯಾವ ದೇಶದವರೋ ಗೊತ್ತಿಲ್ಲ, ಒಬ್ಬರು ಒಂದು ಸಣ್ಣ ಫೈಲು ಕಳಿಸಿದರು. ಆಟದ ಫೋಲ್ಡರಿನಲ್ಲಿ ಇದನ್ನು ಹಾಕಿ, ಕಂದು ಹಾಳೆ ಕಪ್ಪಾಗುತ್ತದೆ, ಅಕ್ಷರ ಬಿಳಿಯಾಗಿ ದಪ್ಪವಾಗುತ್ತದೆ, ನಮ್ಮ ತಾಯಿಗಾಗಿ ಮಾಡಿಕೊಂಡಿದ್ದೆ ಎಂದು ಬರೆದಿದ್ದರು. ಹಾಕಿ ನೋಡಿದೆ. ಹಾಗೇ ಆಯಿತು. ಸಂತೋಷಕ್ಕಿಂತ ಮೊದಲು ನನಗೆ ಬಂದದ್ದು ಸಂಕಟ. ಇಷ್ಟು ಸುಲಭವಿದ್ದರೆ ಇಷ್ಟು ವರ್ಷ ಯಾಕೆ?

ಮುಂದಿನ ರವಿವಾರ ಮತ್ತೆ ಹೋದೆ. ಕಾಕಾ ಕೂತ. ಕರಿಯ ತೆರೆಯ ಮೇಲೆ ಬಿಳಿಯ ಅಕ್ಷರ ಬಂದವು, ಪೇಪರಿನ ತಲೆಬರಹದ ಹಾಗೆ. ಅವನು ತುಟಿ ಅಲುಗಿಸುತ್ತ, ಒಂದೊಂದೇ ಶಬ್ದ ಹಿಡಿದು ಅಂಬಿಗನ ಮಾತನ್ನು ಇಂಗ್ಲಿಷಿನಲ್ಲಿ ಓದಿದ. ಆಮೇಲೆ ನನ್ನ ಕಡೆ ತಿರುಗದೆ, ದನಿ ಬದಲಿಸಿ, "ನೀರಿಗಿ ನಿಮ್ಮ ಗಡಿಬಿಡಿ ಗೊತ್ತಿಲ್ರೀ," ಎಂದ. ಇಂಗ್ಲಿಷಿನಲ್ಲಿ ಆ ಮಾತು ಇರಲಿಲ್ಲ. ಅಂಬಿಗ ಬರೀ ಐವರಿಗೆ ಜಾಗ ಎಂದಷ್ಟೇ ಹೇಳಿದ್ದ. ಆದರೂ ನನ್ನ ಒಂದು ನೆನಪಾದರೂ ಸರಿಯಿದೆ ಎಂದು ಸಮಾಧಾನವಾಯಿತು. ಚಿಗವ್ವ ಒಳಗೆ ಪಾತ್ರೆ ಸದ್ದು ನಿಲ್ಲಿಸಿದ್ದಳು.

ಕೆಳಗೆ ಉತ್ತರಗಳು. ಕುದುರೆ ವ್ಯಾಪಾರಿಯನ್ನು ಬಿಡುತ್ತೇನೆ. ಹಾಡುವವಳನ್ನು ಬಿಡುತ್ತೇನೆ. ಹೀಗೆ ಐದು ಜನರ ಹೆಸರು. ಅವನು ಮೇಲಿನಿಂದ ಕೆಳಗೆ ಓದಿದ. ಮತ್ತೆ ಓದಿದ. ಮೌಸಿನ ಬಾಣವನ್ನು ಕೆಳಗೆ ಕೆಳಗೆ ಎಳೆದ.

"ಇನ್ನೊಂದ್ ಸಾಲ್ ಎಲ್ಲೈತಿ?"

ಇಷ್ಟೇ ಇರುವುದು ಎಂದೆ.

"ಇಲ್ಲ. ಕಡೀಕೊಂದಿತ್ತು. ನಾನ ಇಲ್ಲಿ ಇರ್ತೀನಿ, ನೀವು ಐದೂ ಮಂದಿ ಹೋಗ್ರಿ, ಅಂತ."

ನನಗೆ ಅಂಥ ಸಾಲು ನೆನಪಿಲ್ಲ. ನನಗೆ ನೆನಪಿರುವುದು, ನಾವು ಎಲ್ಲ ಉತ್ತರಗಳನ್ನೂ ಒಂದೊಂದಾಗಿ ಒತ್ತಿ ನೋಡಿದೆವು, ಪ್ರತಿಯೊಂದಕ್ಕೂ ತೆರೆ ನಿಂತಿತು ಎಂದು. ಅದನ್ನೇ ಹೇಳಿದೆ. ಕಾಕಾ ತಲೆ ಅಲ್ಲಾಡಿಸಿದ.

"ನಾ ಬ್ಯಾರೆ ಯಾವುದೂ ಒತ್ತೇ ಇಲ್ಲವ್ವಾ. ಪ್ರತಿಸಲಾನೂ ಅದನ್ನ ಒತ್ತೀನಿ. ಯಾರನ್ನ ಬಿಡಬೇಕು ಹೇಳು ಅವರಾಗ?"

ನನ್ನ ಕಣ್ಣು ಆಗ ಶಬ್ದಕೋಶದ ಮೇಲೆ ಇರುತ್ತಿತ್ತು. ಅವನ ಕೈ ಯಾವ ಸಾಲಿನ ಮೇಲಿತ್ತು ಎಂದು ನಾನು ನೋಡಿದ್ದೇನೆಯೇ? ನೋಡಿದ್ದೇನೆ ಎಂದು ಆಣೆ ಮಾಡಲಾರೆ. ವಿಭೂತಿಯಿಂದ ಆಟ ಕೆಟ್ಟಿತು ಎಂದು ಇಷ್ಟು ವರ್ಷ ನಕ್ಕಿದ್ದೇವೆ. ಅವನು ಬೇರೆ ಉತ್ತರ ಒತ್ತಿದ್ದರೆ ದೋಣಿ ಹೊರಡುತ್ತಿತ್ತೋ ಏನೋ.

ಹಾಗಾದರೆ ಆಚೆ ಏನಿದೆ ಎಂದು ನೋಡುವ ಆಸೆಯೇ ಇರಲಿಲ್ಲವೇ ಎಂದು ಕೇಳಿದೆ. ಕೇಳುವಾಗ ನನ್ನ ದನಿ ಸ್ವಲ್ಪ ಏರಿತ್ತು. ಅವನಿಗಾಗಿ ನಾನು ಕಣ್ಣು ಮುಚ್ಚಿ ಓದಿದ ಪುಟಗಳೆಲ್ಲ ನೆನಪಾಗಿ ಸಿಟ್ಟು ಬಂದಿತ್ತು.

"ನಾ ಯಾಕ ಆಚೀಕ ಹೋಗ್ಲಿ?" ಎಂದ. "ಅವರು ದಾಟೂದ್ ನೋಡಬೇಕಾಗಿತ್ತು ನನಗ. ಈ ದಂಡಿ ಮ್ಯಾಲೆ ನಿಂತು. ಕಣ್ಣ್ ಇರೂದ್ರಾಗ."

ಚಿಗವ್ವ ಒಳಗಿನಿಂದಲೇ, ತಾವು ದಂಡೆಯ ಮೇಲೆ ಕೂತು ಮಂದಿಯನ್ನು ನೀರಿಗೆ ಕಳಿಸುವುದು ಇವರ ಮನೆತನದ ಬುದ್ಧಿ ಎಂದಳು. ಅವಳ ದನಿಯಲ್ಲಿ ಎಂದಿನ ಖಾರ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಚಹಾ ತಂದು ಅವನ ಕೈ ಹಿಡಿದು ಬಟ್ಟಲು ಕೊಟ್ಟಳು.

ಕಾಕಾ ಯಾವ ಹೆಸರನ್ನೂ ಒತ್ತಲಿಲ್ಲ. ಮೌಸಿನಿಂದ ಕೈ ತೆಗೆದ. ಕರೆಂಟು ಅವತ್ತು ಸಂಜೆಯವರೆಗೂ ಹೋಗಲಿಲ್ಲ. ದೋಣಿ ಹಾಗೇ ನಿಂತಿತ್ತು, ನೀರು ಮಾತ್ರ ಹರಿಯುತ್ತಿತ್ತು, ಈ ಸಲ ನಿಜವಾಗಿಯೂ.

ಆ ಸಾಲಿನ ಬಗ್ಗೆ ಅಭಿಮಾನಿಗಳನ್ನು ಕೇಳಿದೆ. ಎಲ್ಲಕ್ಕೂ ಮೊದಲು ಬಂದ ಪ್ರತಿಗಳಲ್ಲಿ ಅಂಥ ಉತ್ತರ ಇತ್ತು, ಅದನ್ನು ಒತ್ತಿದರೆ ಆಟ ನಿಲ್ಲುತ್ತಿತ್ತು, ಆದ್ದರಿಂದ ಆಮೇಲೆ ತೆಗೆದರು ಎಂದು ಒಬ್ಬ ಬರೆದ. ಅಂಥದು ಎಂದೂ ಇರಲಿಲ್ಲ, ಹಳೆಯ ಆಟದ ಬಗ್ಗೆ ಜನ ಇಲ್ಲದ್ದನ್ನೆಲ್ಲ ನೆನಪಿಸಿಕೊಳ್ಳುತ್ತಾರೆ ಎಂದು ಇನ್ನೊಬ್ಬ. ಇಬ್ಬರ ಹತ್ತಿರವೂ ಸಾಕ್ಷಿಯಿಲ್ಲ. ನಮ್ಮ ಸಿ.ಡಿ. ಎಲ್ಲಿ ಹೋಯಿತೋ ಯಾರಿಗೂ ಗೊತ್ತಿಲ್ಲ. ಚಿಗವ್ವ ಅದನ್ನು ಹೊಲದಲ್ಲಿ ಹಕ್ಕಿ ಹೆದರಿಸಲು ಕಟ್ಟಿಸಿದ್ದೆ ಎನ್ನುತ್ತಾಳೆ. ಅದೂ ನಿಜವೋ ನನ್ನನ್ನು ಸುಮ್ಮನಾಗಿಸಲು ಹೇಳಿದ್ದೋ ತಿಳಿಯದು.

ಫೈಲು ಕಳಿಸಿದವರಿಗೆ, ಆ ಒಂದು ಸಾಲನ್ನೂ ಸೇರಿಸಲು ಆಗುತ್ತದೆಯೇ ಎಂದು ಬರೆದೆ. ಅಕ್ಷರ ದಪ್ಪ ಮಾಡುವುದು ಬೇರೆ, ಸಾಲು ಸೇರಿಸುವುದು ಬೇರೆ ಎಂದರು. ಸಾಲು ಬರೆದರೂ ಅದನ್ನು ಒತ್ತಿದ ಮೇಲೆ ಏನಾಗಬೇಕು ಎಂಬುದು ಆಟಕ್ಕೆ ಗೊತ್ತಿರಬೇಕಲ್ಲ, ದೋಣಿ ನಾಯಕನಿಲ್ಲದೆ ಎಲ್ಲಿಗೆ ಹೋಗಬೇಕು ಎಂದು ಕೇಳಿದರು.

ಲ್ಯಾಪ್‌ಟಾಪು ಈಗ ಕಾಕಾನ ಮನೆಯಲ್ಲೇ ಇದೆ. ಅವನು ಐದೂ ಜನರನ್ನು ಕರೆದುಕೊಂಡು ಹೊಳೆಯ ಈಚೆಯ ಊರುಗಳಲ್ಲೇ ತಿರುಗುತ್ತಾನೆ. ಮೊದಲು ಅವಸರದಲ್ಲಿ ಮಾತಾಡಿಸದೆ ಬಿಟ್ಟವರನ್ನೆಲ್ಲ ಹುಡುಕಿ ಮಾತಾಡಿಸುತ್ತಾನೆ. ತಾನೇ ಓದುತ್ತಾನೆ, ನಿಧಾನವಾಗಿ. ಜೇನಿನ ಹೆಂಗಸನ್ನೂ ಕಂಡು ಬಂದನಂತೆ. ಅವಳು ಎರಡೇ ಮಾತಾಡುತ್ತಾಳೆ, ನೀನು ಹೇಳಿದಷ್ಟು ಚಂದವೇನೂ ಮಾತಾಡುವುದಿಲ್ಲ ಎಂದು ನನಗೇ ದೂರು ಹೇಳಿದ.

ಇದರಿಂದ ನನಗೆ ಸಮಾಧಾನವಾಗಬೇಕಿತ್ತು. ಆಗಿಲ್ಲ. ಅಣ್ಣಿಗೇರಿಯ ನನ್ನ ಇನ್ನೊಂದು ಕಂಪ್ಯೂಟರಿನಲ್ಲಿ ಅದೇ ಹೊಳೆ, ಅದೇ ಅಂಬಿಗ ಸೇವ್ ಆಗಿ ಕೂತಿದ್ದಾರೆ. ಒಂದು ಹೆಸರು ಒತ್ತಿದರೆ ಆಚೆಯ ದಂಡೆ ಕಾಣುತ್ತದೆ. ಈಗ ನನ್ನನ್ನು ತಡೆಯುವವರಿಲ್ಲ. ಕಾಕಾನೇ, ನೀನು ಬೇಕಾದರೆ ದಾಟು, ನನಗೆ ಮಾತ್ರ ಹೇಳಬೇಡ ಎಂದಿದ್ದಾನೆ. ಮೊನ್ನೆ ಕುದುರೆ ವ್ಯಾಪಾರಿಯ ಹೆಸರಿನ ಮೇಲೆ ಬಾಣ ಇಟ್ಟೆ. ಅವನು ಕುಂಟ, ಹೇಗೂ ಹಿಂದೆ ಬೀಳುತ್ತಿರುತ್ತಾನೆ. ಆದರೆ ಅವನನ್ನು ಗುಂಪಿಗೆ ಸೇರಿಸಿದ್ದೇ ಕಾಕಾ ಹಟ ಮಾಡಿದ್ದಕ್ಕೆ. ಬಾಣ ಸರಿಸಿ ಹಾಡುವವಳ ಮೇಲೆ ಇಟ್ಟೆ. ಆಮೇಲೆ ಕೆಳಗೆ ಎಳೆದೆ, ಅಲ್ಲಿ ಏನೂ ಇಲ್ಲ ಎಂದು ಗೊತ್ತಿದ್ದೂ. ಕಂಪ್ಯೂಟರು ಮುಚ್ಚಿ ಬಸ್ಸಿಗೆ ಹೊರಟೆ.

ನವಲಗುಂದದಲ್ಲಿ ಚಪ್ಪಲಿ ಬಿಡುವಾಗ ಕಾಕಾ ತೆರೆಯಿಂದ ಮುಖ ತಿರುಗಿಸದೆ ಕೇಳಿದ.

"ದಾಟಿದೇನವಾ?"

ಇಲ್ಲ ಎಂದೆ. ಅವನು ಜಮಖಾನೆಯ ಮೇಲೆ ಸ್ವಲ್ಪ ಸರಿದು ಜಾಗ ಮಾಡಿದ.